ಗ್ರಾಮಫೋನು ತಟ್ಟೆಗೊಂದು ಸರಿಯಾದ ಮುಳ್ಳು: ಕಾರ್ಟ್ರಿಜ್ ಆಯ್ಕೆ ಮತ್ತು ಜೋಡಣೆ

ಊರು ಬಿಟ್ಟು ಬಂದು ಮಹಾನಗರಗಳಲ್ಲಿ ನೆಲೆನಿಂತ ನಮ್ಮ ಅನೇಕ ಕನ್ನಡ ಕುಟುಂಬಗಳ ಅಟ್ಟದ ಮೇಲೋ ಕಪಾಟಿನ ತಳದಲ್ಲೋ ಹಳೆಯ ಗ್ರಾಮಫೋನು ತಟ್ಟೆಗಳ ಒಂದು ಕಟ್ಟು ಇರುವುದುಂಟು. ಮಲ್ಲಿಕಾರ್ಜುನ ಮನಸೂರರ ಒಂದು ಎಲ್‌ಪಿ, ಭೀಮಸೇನ ಜೋಶಿಯವರ ಎರಡು ಮೂರು, ‘ಗಾಂಧಾರಿ ಹಾನಗಲ್’ ಎಂಬ ಹೆಸರಿನಲ್ಲಿ ಗಂಗೂಬಾಯಿಯವರು ಹಾಡಿದ ಒಂದು 78 ಆರ್‌ಪಿಎಂ ತಟ್ಟೆ, ಅಂಚು ಮುರಿದ ಯಾವುದೋ ಕಂಪನಿ ನಾಟಕದ ಹಾಡು. ಹಿರಿಯರು ಸಂಬಳದಲ್ಲಿ ಉಳಿಸಿ ಕೊಂಡ ಈ ತಟ್ಟೆಗಳನ್ನು ಮತ್ತೆ ಕೇಳಬೇಕೆಂಬ ಆಸೆ ಈಚಿನ ವರ್ಷಗಳಲ್ಲಿ ಅನೇಕರಲ್ಲಿ ಮೂಡಿದೆ. ಮಾರುಕಟ್ಟೆಯಲ್ಲಿ ಹೊಸ ಟರ್ನ್‌ಟೇಬಲ್‌ಗಳೂ ಹೊಸ ತಟ್ಟೆಗಳೂ ಮರಳಿ ಬಂದಿರುವುದು ಆ ಆಸೆಗೆ ಇಂಬು ಕೊಟ್ಟಿದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕೆಲವು ವರ್ಷಗಳ ಹಿಂದೆ ನಾವು ನಮ್ಮ ತೀರ್ಥರೂಪರ ಹಳೆಯ ರೆಕಾರ್ಡ್ ಪ್ಲೇಯರನ್ನು ಒರೆಸಿ, ಬೆಲ್ಟ್ ಬದಲಾಯಿಸಿ, ಅವರ ಅತಿ ಪ್ರೀತಿಯ ಖಯಾಲ್ ಎಲ್‌ಪಿಯನ್ನು ಅದರ ಮೇಲಿಟ್ಟೆವು. ಮುಳ್ಳು ಎಷ್ಟು ಹಳೆಯದು ಎಂದು ಕೇಳಿಕೊಳ್ಳುವ ಬುದ್ಧಿ ನಮಗೆ ಬರಲಿಲ್ಲ. ಎಂಟು ಹತ್ತು ಸಲ ಕೇಳಿದ ಮೇಲೆ ಪ್ರತಿ ಬದಿಯ ಕೊನೆಯಲ್ಲಿ ಧ್ವನಿ ಹರಿದ ಬಟ್ಟೆಯಂತೆ ಕೇಳಿಸತೊಡಗಿತು. ಹೊಸ ಮುಳ್ಳು ತಂದು ಹಾಕಿದಾಗ ಆರಂಭದ ವಿಲಂಬಿತ ಭಾಗ ತಿಳಿಯಾಯಿತು. ಕೊನೆಯ ತಾನುಗಳು ಮಾತ್ರ ಹಾಗೆಯೇ ಉಳಿದವು. ಸವೆದ ಮುಳ್ಳು ಗೀರಿನ ಗೋಡೆಗಳನ್ನು ಕೆತ್ತಿಹಾಕಿತ್ತು. ಇನ್ನು ಯಾವ ಉಪಕರಣದಿಂದಲೂ ಆ ಧ್ವನಿ ಮರಳುವುದಿಲ್ಲ. ನಾವು ಮಾಡಿದ ತಪ್ಪನ್ನು ಓದುಗರು ಮಾಡಬಾರದೆಂಬ ಉದ್ದೇಶದಿಂದ, ಅನಂತರ ನಾವು ಓದಿ, ಕೇಳಿ, ಕೈಯಾರೆ ಮಾಡಿ ಕಲಿತದ್ದನ್ನು ಇಲ್ಲಿ ಕ್ರಮವಾಗಿ ನಿರೂಪಿಸುತ್ತಿದ್ದೇವೆ.

ತಟ್ಟೆಯ ಗೀರಿನಲ್ಲಿ ಇರುವುದೇನು?

78 ಆರ್‌ಪಿಎಂ ತಟ್ಟೆಗಳನ್ನು ಮುಖ್ಯವಾಗಿ ಅರಗು ಬೆರೆಸಿದ ಶೆಲ್ಯಾಕ್ ಮಿಶ್ರಣದಿಂದ ತಯಾರಿಸುತ್ತಿದ್ದರು. ಒಂದು ಬದಿಯಲ್ಲಿ ಮೂರು ಮೂರೂವರೆ ನಿಮಿಷದಷ್ಟೇ ಸಂಗೀತ. 1948ರಲ್ಲಿ ಅಮೆರಿಕದ ಕೊಲಂಬಿಯಾ ಸಂಸ್ಥೆಯು ನಿಮಿಷಕ್ಕೆ 33⅓ ಸುತ್ತು ತಿರುಗುವ ವಿನೈಲ್ ಎಲ್‌ಪಿಯನ್ನು ತಂದಿತು. ಗೀರು ಸಣ್ಣದಾಯಿತು, ಒಂದು ಬದಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮೀರಿ ಸಂಗೀತ ಹಿಡಿಯಿತು. ಖಯಾಲ್ ಗಾಯಕರು ರಾಗವನ್ನು ಸಾವಕಾಶವಾಗಿ ಬಿಡಿಸಲು ತಟ್ಟೆಯ ಮೇಲೆ ಜಾಗ ದೊರೆತದ್ದು ಆಗಲೇ.

ಸ್ಟೀರಿಯೋ ತಟ್ಟೆಯ ಗೀರು ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿರುತ್ತದೆ. ಅದರ ಎರಡು ಗೋಡೆಗಳು ತಲಾ 45 ಡಿಗ್ರಿ ಓರೆಯಾಗಿದ್ದು, ಒಂದು ಗೋಡೆಯಲ್ಲಿ ಎಡಗಡೆಯ ಧ್ವನಿ, ಇನ್ನೊಂದರಲ್ಲಿ ಬಲಗಡೆಯ ಧ್ವನಿ ಕೊರೆಯಲ್ಪಟ್ಟಿರುತ್ತದೆ. ಇಂಗ್ಲೆಂಡಿನ ಎಂಜಿನಿಯರ್ ಆಲನ್ ಬ್ಲೂಮ್ಲೀನ್ 1931ರಲ್ಲಿಯೇ ಈ ವಿಧಾನಕ್ಕೆ ಪೇಟೆಂಟ್ ಕೋರಿದ್ದರು. ಅದು ಮಾರುಕಟ್ಟೆಗೆ ಬಂದದ್ದು 1950ರ ದಶಕದ ಕೊನೆಯಲ್ಲಿ. ಮುಳ್ಳು ಈ ಗೋಡೆಗಳ ಏರಿಳಿತವನ್ನು ಅನುಸರಿಸಿ ಕಂಪಿಸುತ್ತದೆ. ಆ ಕಂಪನವನ್ನು ವಿದ್ಯುತ್ತಾಗಿ ಪರಿವರ್ತಿಸುವ ಪುಟ್ಟ ಪೆಟ್ಟಿಗೆಯೇ ಕಾರ್ಟ್ರಿಜ್. ಮುಳ್ಳಿಗೆ ಸ್ಟೈಲಸ್ ಎಂದೂ, ಅದನ್ನು ಹೊತ್ತ ಸಣ್ಣ ಕಡ್ಡಿಗೆ ಕ್ಯಾಂಟಿಲಿವರ್ ಎಂದೂ ಹೆಸರು.

ನಮ್ಮ ಸಂಗೀತವನ್ನು ಕೇಳುವವರು ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ತಟ್ಟೆ ಒಂದೇ ವೇಗದಲ್ಲಿ ಸುತ್ತಿದರೂ ಹೊರ ಅಂಚಿನಲ್ಲಿ ಗೀರು ಮುಳ್ಳಿನಡಿ ಸೆಕೆಂಡಿಗೆ ಸುಮಾರು 51 ಸೆಂಟಿಮೀಟರ್ ಓಡಿದರೆ, ಒಳ ತುದಿಯಲ್ಲಿ ಸುಮಾರು 21 ಸೆಂಟಿಮೀಟರ್ ಮಾತ್ರ ಓಡುತ್ತದೆ. ಅಂದರೆ ಅಷ್ಟೇ ಧ್ವನಿಯನ್ನು ಅರ್ಧಕ್ಕಿಂತ ಕಡಿಮೆ ಉದ್ದದಲ್ಲಿ ತುರುಕಬೇಕಾಗುತ್ತದೆ. ಖಯಾಲಿನ ತಟ್ಟೆಯಲ್ಲಿ ವಿಲಂಬಿತ ಮೊದಲು ಬಂದು, ದ್ರುತ ಕೊನೆಗೆ ಬರುವುದು ವಾಡಿಕೆ. ಹೀಗೆ ಅತಿ ವೇಗದ ತಾನುಗಳು ಗೀರು ಅತಿ ಇಕ್ಕಟ್ಟಾದ ಸ್ಥಳಕ್ಕೇ ಬಂದು ಬೀಳುತ್ತವೆ. ಕಾರ್ಟ್ರಿಜ್ ಒಳ್ಳೆಯದೋ ಅಲ್ಲವೋ, ಜೋಡಣೆ ಸರಿಯೋ ತಪ್ಪೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ.

ಕಾರ್ಟ್ರಿಜ್‌ನ ಬಗೆಗಳು

ಮನೆಗಳಲ್ಲಿದ್ದ ಹಳೆಯ ಅಗ್ಗದ ಪ್ಲೇಯರುಗಳಲ್ಲಿ ಬಹುಪಾಲು ಕ್ರಿಸ್ಟಲ್ ಅಥವಾ ಸಿರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು. ಒತ್ತಡ ಬಿದ್ದಾಗ ವಿದ್ಯುತ್ತನ್ನು ಉತ್ಪಾದಿಸುವ ಪದಾರ್ಥವೊಂದು ಅದರೊಳಗಿರುತ್ತದೆ. ಅದರ ಉತ್ಪತ್ತಿ ನೂರಾರು ಮಿಲಿವೋಲ್ಟ್ ಇರುವುದರಿಂದ ಸರಳವಾದ ಆಂಪ್ಲಿಫೈಯರ್ ಸಾಕು. ಆದರೆ ಮುಳ್ಳನ್ನು 5 ಗ್ರಾಂ ಆಸುಪಾಸಿನ ಭಾರದಿಂದ ಒತ್ತಬೇಕಾಗುತ್ತದೆ, ಧ್ವನಿಯೂ ಒರಟು. ಇಂದು ಸೂಟ್‌ಕೇಸ್ ಆಕಾರದಲ್ಲಿ ಮಾರಾಟವಾಗುವ ಚಂದದ ಅಗ್ಗದ ಪ್ಲೇಯರುಗಳಲ್ಲಿ ಅನೇಕವು ಇದೇ ಬಗೆಯವು. ಮಕ್ಕಳ ಕುತೂಹಲಕ್ಕೆ ಅವು ಸಾಕು. ಹಿರಿಯರ ತಟ್ಟೆಗಳಿಗೆ ಸಲ್ಲ.

ಎರಡನೆಯದು ಮೂವಿಂಗ್ ಮ್ಯಾಗ್ನೆಟ್, ಅಂದರೆ ಎಂಎಂ. ಕ್ಯಾಂಟಿಲಿವರಿನ ಹಿಂತುದಿಯಲ್ಲಿ ಪುಟ್ಟ ಅಯಸ್ಕಾಂತವಿದ್ದು, ಅದು ಸ್ಥಿರವಾದ ತಂತಿ ಸುರುಳಿಗಳ ನಡುವೆ ಕಂಪಿಸುತ್ತದೆ. ಉತ್ಪತ್ತಿ ಸಾಮಾನ್ಯವಾಗಿ 3ರಿಂದ 6 ಮಿಲಿವೋಲ್ಟ್. ಇದರ ದೊಡ್ಡ ಅನುಕೂಲವೆಂದರೆ ಮುಳ್ಳು ಸವೆದಾಗ ಅದನ್ನಷ್ಟೇ ಕೈಯಿಂದ ಎಳೆದು ತೆಗೆದು ಹೊಸದನ್ನು ಸಿಕ್ಕಿಸಬಹುದು. ಅಯಸ್ಕಾಂತದ ಬದಲು ಕಬ್ಬಿಣದ ಚೂರು ಚಲಿಸುವ ಮೂವಿಂಗ್ ಐರನ್ ಬಗೆಯೂ ಇದರ ಸೋದರನೇ.

ಮೂರನೆಯದು ಮೂವಿಂಗ್ ಕಾಯಿಲ್, ಎಂಸಿ. ಇಲ್ಲಿ ಸುರುಳಿಯೇ ಕಂಪಿಸುತ್ತದೆ, ಅಯಸ್ಕಾಂತ ಸ್ಥಿರ. ಧ್ವನಿಯ ಸೂಕ್ಷ್ಮತೆಗೆ ಇದು ಹೆಸರಾಗಿದೆ. ಆದರೆ ಬಹುತೇಕ ಎಂಸಿಗಳ ಉತ್ಪತ್ತಿ 0.2ರಿಂದ 0.5 ಮಿಲಿವೋಲ್ಟ್ ಮಾತ್ರ. ವಿಶೇಷ ಪ್ರೀಆಂಪ್ಲಿಫೈಯರ್ ಬೇಕು, ಮುಳ್ಳು ಸವೆದರೆ ಸಾಮಾನ್ಯವಾಗಿ ಇಡೀ ಕಾರ್ಟ್ರಿಜ್ಜನ್ನೇ ಬದಲಾಯಿಸಬೇಕು. ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಗಾಗಿ 1960ರ ದಶಕದಲ್ಲಿ ರೂಪುಗೊಂಡ ಡೆನಾನ್ ಡಿಎಲ್-103 ಈ ಬಗೆಯ ಪ್ರಸಿದ್ಧ ಉದಾಹರಣೆ. ಮೊದಲ ಬಾರಿ ಕೊಳ್ಳುವ ಕುಟುಂಬಕ್ಕೆ ಎಂಎಂ ಬಗೆಯೇ ಯೋಗ್ಯವೆಂಬುದು ನಮ್ಮ ಅಭಿಪ್ರಾಯ.

ಇಲ್ಲೊಂದು ಮಾತು ಮರೆಯಬಾರದು. ತಟ್ಟೆಯನ್ನು ಕೊರೆಯುವಾಗ ಮಂದ್ರದ ಧ್ವನಿಯನ್ನು ತಗ್ಗಿಸಿ, ತಾರದ ಧ್ವನಿಯನ್ನು ಹೆಚ್ಚಿಸಿರುತ್ತಾರೆ. ಈ ಕ್ರಮಕ್ಕೆ ಆರ್‌ಐಎಎ ಎಂದು ಹೆಸರು. 1950ರ ದಶಕದ ಮಧ್ಯದಿಂದ ಅದು ಸರ್ವಮಾನ್ಯವಾಯಿತು. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಇಳಿಕೆ, 20 ಸಾವಿರ ಹರ್ಟ್ಸ್‌ನಲ್ಲಿ ಸುಮಾರು ಅಷ್ಟೇ ಏರಿಕೆ. ಕೇಳುವಾಗ ಇದನ್ನು ತಿರುಗುಮುರುಗು ಮಾಡಬೇಕು. ಆ ಕೆಲಸವನ್ನೂ, ಧ್ವನಿಯನ್ನು ದೊಡ್ಡದು ಮಾಡುವ ಕೆಲಸವನ್ನೂ ಫೋನೋ ಪ್ರೀಆಂಪ್ ಮಾಡುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ‘ಫೋನೋ’ ಎಂಬ ಪ್ರತ್ಯೇಕ ಕಿಂಡಿ ಇರುತ್ತಿತ್ತು. ಇಂದಿನ ಕೆಲವು ಟರ್ನ್‌ಟೇಬಲ್‌ಗಳಲ್ಲಿ ಪ್ರೀಆಂಪ್ ಒಳಗೇ ಇರುತ್ತದೆ. ಎರಡೂ ಇಲ್ಲವಾದರೆ ಬೇರೆಯಾಗಿ ಕೊಳ್ಳಬೇಕು. ಎರಡೂ ಇದ್ದರೆ ಒಂದನ್ನು ಮಾತ್ರ ಬಳಸಬೇಕು. ಎರಡನ್ನೂ ಬಳಸಿದರೆ ಧ್ವನಿ ಒಡೆದು ಕಿವಿಗೆ ಹಿಂಸೆಯಾಗುತ್ತದೆ.

ಮುಳ್ಳಿನ ಆಕಾರ

ಅತಿ ಸರಳವಾದುದು ಶಂಕುವಿನಾಕಾರದ, ತುದಿ ಗುಂಡಗಿರುವ ಕೋನಿಕಲ್ ಮುಳ್ಳು. ತುದಿಯ ತ್ರಿಜ್ಯ ಸುಮಾರು 15ರಿಂದ 18 ಮೈಕ್ರಾನ್. ಬೆಲೆ ಕಡಿಮೆ, ಜೋಡಣೆಯ ಸಣ್ಣ ತಪ್ಪನ್ನು ಸಹಿಸಿಕೊಳ್ಳುತ್ತದೆ. ಆದರೆ ಒಳ ಗೀರುಗಳ ಇಕ್ಕಟ್ಟಾದ ಅಲೆಗಳ ನಡುವೆ ಅದು ಇಳಿಯಲಾರದು. ಎರಡನೆಯದು ಅಂಡಾಕಾರದ ಎಲಿಪ್ಟಿಕಲ್. ಪಕ್ಕಕ್ಕೆ ಸುಮಾರು 18 ಮೈಕ್ರಾನ್ ಇದ್ದರೂ ಗೋಡೆಗೆ ತಾಗುವ ಅಂಚು ಸುಮಾರು 8 ಮೈಕ್ರಾನಿನಷ್ಟು ತೆಳುವಾಗಿರುವುದರಿಂದ ದ್ರುತ ತಾನುಗಳೂ, ತಂಬೂರಿಯ ಸೂಕ್ಷ್ಮ ಝೇಂಕಾರವೂ ಸ್ಪಷ್ಟವಾಗಿ ಕೇಳಿಸುತ್ತವೆ. ಮೂರನೆಯದು ಲೈನ್ ಕಾಂಟ್ಯಾಕ್ಟ್, ಶಿಬಾಟಾ, ಮೈಕ್ರೋಲೈನ್ ಮುಂತಾದ ಹೆಸರಿನ ಸೂಕ್ಷ್ಮ ಆಕಾರಗಳು. ಇವು ಗೋಡೆಯ ಎತ್ತರದುದ್ದಕ್ಕೂ ತೆಳುವಾದ ಗೆರೆಯಂತೆ ತಾಗುವುದರಿಂದ ಒಳ ಗೀರುಗಳಲ್ಲಿ ಅತ್ಯುತ್ತಮ ಫಲ ಕೊಡುತ್ತವೆ. ಆದರೆ ಜೋಡಣೆ ಕರಾರುವಾಕ್ಕಾಗಿರಬೇಕು.

78ರ ತಟ್ಟೆಗಳ ವಿಷಯವೇ ಬೇರೆ. ಅವುಗಳ ಗೀರು ಬಹಳ ಅಗಲ. ಅವಕ್ಕೆ ಸುಮಾರು 65ರಿಂದ 76 ಮೈಕ್ರಾನ್ ತ್ರಿಜ್ಯದ ಪ್ರತ್ಯೇಕ ಮುಳ್ಳು ಬೇಕು. ಎಲ್‌ಪಿಯ ಸಣ್ಣ ಮುಳ್ಳನ್ನು ಅವುಗಳ ಮೇಲಿಟ್ಟರೆ ಅದು ಗೋಡೆಗೆ ಸರಿಯಾಗಿ ತಾಗದೆ ಗೀರಿನ ತಳದಲ್ಲಿ ಓಲಾಡುತ್ತದೆ. ಬರಿಯ ಕರಕರ ಶಬ್ದ ಕೇಳಿ ‘ತಟ್ಟೆ ಹಾಳಾಗಿದೆ’ ಎಂದು ನಾವು ತಪ್ಪಾಗಿ ಭಾವಿಸುತ್ತೇವೆ. ಗಂಗೂಬಾಯಿಯವರ ತಟ್ಟೆಯ ಬಗ್ಗೆ ನಾವೂ ಹಾಗೆಯೇ ಭಾವಿಸಿ ಮೂಲೆಗಿಟ್ಟಿದ್ದೆವು. ಸರಿಯಾದ ಮುಳ್ಳು ಹಾಕಿದ ದಿನ ಆ ಕಂಠ ಕೋಣೆಯೊಳಗೆ ಬಂದು ನಿಂತಂತಾಯಿತು. ಹಾಗೆಯೇ, ಕೀಲಿ ಕೊಡುವ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳಿನಡಿ ಎಲ್‌ಪಿಯನ್ನು ಯಾವ ಕಾರಣಕ್ಕೂ ಇಡಬಾರದು. ಒಂದೇ ಸಲಕ್ಕೆ ಅದು ಹಾಳಾಗುತ್ತದೆ.

ತೋಳಿಗೆ ತಕ್ಕ ಕಾರ್ಟ್ರಿಜ್

ದುಬಾರಿ ಕಾರ್ಟ್ರಿಜ್ ತಂದರೆ ಧ್ವನಿ ತಾನಾಗಿ ಒಳ್ಳೆಯದಾಗುತ್ತದೆ ಎಂಬುದು ತಪ್ಪು ಕಲ್ಪನೆ. ವರ ಎಷ್ಟೇ ಯೋಗ್ಯನಾದರೂ ಜಾತಕ ಕೂಡಿಬರಬೇಕೆಂದು ಹಿರಿಯರು ಹೇಳುವಂತೆ, ಕಾರ್ಟ್ರಿಜ್‌ಗೂ ಅದನ್ನು ಹೊತ್ತ ತೋಳಿಗೂ ಹೊಂದಾಣಿಕೆ ಬೇಕು. ಕ್ಯಾಂಟಿಲಿವರಿನ ಮೃದುತ್ವಕ್ಕೆ ಕಂಪ್ಲಯನ್ಸ್ ಎನ್ನುತ್ತಾರೆ. ಅದು ಸ್ಪ್ರಿಂಗಿನಂತೆ, ತೋಳು ಅದಕ್ಕೆ ತೂಗುಹಾಕಿದ ಭಾರದಂತೆ ವರ್ತಿಸಿ, ಎರಡೂ ಸೇರಿ ಒಂದು ನಿರ್ದಿಷ್ಟ ಕಂಪನ ಸಂಖ್ಯೆಯಲ್ಲಿ ಅನುರಣನಗೊಳ್ಳುತ್ತವೆ.

ಈ ಸಂಖ್ಯೆ 8ರಿಂದ 12 ಹರ್ಟ್ಸ್ ನಡುವೆ ಇದ್ದರೆ ಕ್ಷೇಮ. ಅದಕ್ಕಿಂತ ಬಹಳ ಕೆಳಗಿಳಿದರೆ ಸೊಟ್ಟಗಾದ ತಟ್ಟೆಯ ಏರಿಳಿತಕ್ಕೂ ಮನೆಯವರ ಹೆಜ್ಜೆ ಸಪ್ಪಳಕ್ಕೂ ತೋಳು ಕುಣಿಯುತ್ತದೆ. ಬಹಳ ಮೇಲಕ್ಕೇರಿದರೆ ಸಂಗೀತದ ಮಂದ್ರ ಧ್ವನಿಗೇ ತೊಡಕು. ಲೆಕ್ಕ ಸುಲಭ. ತೋಳಿನ ಪರಿಣಾಮಕಾರಿ ತೂಕ, ಕಾರ್ಟ್ರಿಜ್ ತೂಕ, ತಿರುಪುಗಳ ತೂಕ ಇವುಗಳನ್ನು ಗ್ರಾಂಗಳಲ್ಲಿ ಕೂಡಿಸಿ, ಕಂಪ್ಲಯನ್ಸ್ ಸಂಖ್ಯೆಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಬೇಕು. ಉದಾಹರಣೆಗೆ, ತೋಳು 12 ಗ್ರಾಂ, ಕಾರ್ಟ್ರಿಜ್ 6 ಗ್ರಾಂ, ತಿರುಪುಗಳು 1 ಗ್ರಾಂ ಎಂದರೆ ಒಟ್ಟು 19. ಕಂಪ್ಲಯನ್ಸ್ 15 ಆದರೆ ಗುಣಲಬ್ಧ 285. ಅದರ ವರ್ಗಮೂಲ ಸುಮಾರು 16.9. ಭಾಗಿಸಿದಾಗ ಸುಮಾರು 9.4 ಹರ್ಟ್ಸ್, ಜೋಡಿ ಒಪ್ಪುತ್ತದೆ. ಜಪಾನಿನ ತಯಾರಕರು ಕಂಪ್ಲಯನ್ಸನ್ನು 100 ಹರ್ಟ್ಸ್‌ನಲ್ಲಿ ಅಳೆದು ಹೇಳುವುದು ರೂಢಿ. ಅಂತಹ ಸಂಖ್ಯೆಯನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಳ್ಳುವಾಗ ಗಮನಿಸಬೇಕಾದುದು

ನಮ್ಮ ಅನುಭವದಲ್ಲಿ, ಮನೆಯಲ್ಲಿ ಎಲ್‌ಪಿಗಳೂ 78ರ ತಟ್ಟೆಗಳೂ ಎರಡೂ ಇದ್ದರೆ ಒಂದೇ ಪೆಟ್ಟಿಗೆಗೆ ಬೇರೆ ಬೇರೆ ಮುಳ್ಳು ಸಿಕ್ಕಿಸಬಹುದಾದ ಎಂಎಂ ಕಾರ್ಟ್ರಿಜ್ ಹೆಚ್ಚು ಅನುಕೂಲ. ಜಪಾನಿನ ಆಡಿಯೋ-ಟೆಕ್ನಿಕಾ ಸಂಸ್ಥೆಯ ವಿಎಂ95 ಸರಣಿಯಲ್ಲಿ ಕೋನಿಕಲ್, ಎಲಿಪ್ಟಿಕಲ್, ಮೈಕ್ರೋಲೈನ್, ಶಿಬಾಟಾ ಮುಂತಾದ ಮುಳ್ಳುಗಳ ಜೊತೆಗೆ 78ರ ತಟ್ಟೆಗಾಗಿ ಎಸ್‌ಪಿ ಎಂಬ ಮುಳ್ಳೂ ಇದೆ. ಎಲ್ಲವೂ ಒಂದೇ ಪೆಟ್ಟಿಗೆಗೆ ಹೊಂದುತ್ತವೆ. ಎಲಿಪ್ಟಿಕಲ್ ಮುಳ್ಳಿಗೆ 2 ಗ್ರಾಂ ಭಾರ ಸಾಕಾದರೆ, ಎಸ್‌ಪಿ ಮುಳ್ಳಿಗೆ 5 ಗ್ರಾಂ ಬೇಕು ಎಂಬುದನ್ನು ನೆನಪಿಡಬೇಕು. 1918ರಲ್ಲಿ ಸ್ಥಾಪನೆಯಾದ ಡೆನ್ಮಾರ್ಕಿನ ಆರ್ಟೊಫೋನ್ ಸಂಸ್ಥೆಯ 2ಎಂ ರೆಡ್ ಕೂಡ ಬಹುಜನಪ್ರಿಯ. ಅದರ ಭಾರ 1.8 ಗ್ರಾಂ. ಮುಂದೆ ಬೇಕೆನಿಸಿದರೆ ಅದೇ ಪೆಟ್ಟಿಗೆಗೆ 2ಎಂ ಬ್ಲೂ ಮುಳ್ಳನ್ನು ಸಿಕ್ಕಿಸಬಹುದು. ಒಂದು ಕಾಲಕ್ಕೆ ಮನೆಮಾತಾಗಿದ್ದ ಅಮೆರಿಕದ ಶ್ಯೂರ್ ಸಂಸ್ಥೆ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನು ನಿಲ್ಲಿಸಿತು. ಆದ್ದರಿಂದ ಆ ಹೆಸರಿನ ಮುಳ್ಳು ‘ಹೊಚ್ಚ ಹೊಸದು’ ಎಂದು ಯಾರಾದರೂ ಕೊಡಬಂದರೆ ಎರಡು ಬಾರಿ ಯೋಚಿಸಬೇಕು.

ಹಳೆಯ ಟರ್ನ್‌ಟೇಬಲ್ ಕೊಳ್ಳುವುದರಲ್ಲಿ ದೋಷವಿಲ್ಲ. ಹಳೆಯ ಮುಳ್ಳನ್ನು ಮಾತ್ರ ಕೊಳ್ಳಬಾರದು. ಮುಂಬಯಿಯ ಚೋರ್ ಬಜಾರಿನಲ್ಲೋ ಬೇರೆ ಊರಿನ ಹಳೆಯ ಸಾಮಾನಿನ ಪೇಟೆಯಲ್ಲೋ ಪ್ಲೇಯರ್ ಕೊಂಡವರು, ಅಂಗಡಿಯಾತ ‘ಮುಳ್ಳು ಚೆನ್ನಾಗಿದೆ ಸಾಹೇಬರೇ’ ಎಂದರೂ ಅದನ್ನು ತೆಗೆದಿಟ್ಟು ಹೊಸದು ಹಾಕಿಕೊಳ್ಳುವುದು ಕ್ಷೇಮ. ಮುಳ್ಳಿನ ಸವೆತ ಬರಿಗಣ್ಣಿಗೆ ಕಾಣುವುದಿಲ್ಲ. ಆಕಾರಕ್ಕೆ ತಕ್ಕಂತೆ ಮುಳ್ಳಿನ ಆಯುಸ್ಸು ಸುಮಾರು 300ರಿಂದ 1000 ಗಂಟೆ. ಒಂದು ಬದಿ ಕೇಳುವಷ್ಟರಲ್ಲಿ ಅದು 400 ಮೀಟರಿಗೂ ಹೆಚ್ಚು ದೂರ ಕ್ರಮಿಸಿರುತ್ತದೆ ಎಂದರೆ ಸವೆತದ ಅಂದಾಜು ಆದೀತು. ಪಾಸ್‌ಬುಕ್ಕಿನಲ್ಲಿ ಬರೆದಿಡುವಂತೆ, ಮುಳ್ಳು ಹಾಕಿದ ದಿನಾಂಕವನ್ನೂ ಕೇಳಿದ ಬದಿಗಳ ಸಂಖ್ಯೆಯನ್ನೂ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡುವುದು ನಮ್ಮ ಪದ್ಧತಿ. ಮೂರು ಎಲ್‌ಪಿ ಬದಿಗಳನ್ನು ಒಂದು ಗಂಟೆ ಎಂದು ಲೆಕ್ಕ ಹಿಡಿದರೆ ಸಾಕು.

ಜೋಡಣೆಯ ಕ್ರಮ

ಮೊದಲು ಟರ್ನ್‌ಟೇಬಲ್ಲನ್ನು ಗಟ್ಟಿಯಾದ, ಅಲುಗಾಡದ ಜಾಗದಲ್ಲಿಟ್ಟು ಗಾರೆಯವರ ಮಟ್ಟಗೋಲಿನಿಂದ ನಾಲ್ಕೂ ದಿಕ್ಕಿಗೆ ಸಮವಿದೆಯೇ ನೋಡಬೇಕು. ಸ್ಪೀಕರುಗಳಿರುವ ಮೇಜಿನ ಮೇಲೆಯೇ ಇಡಬಾರದು. ರೈಲುಹಳಿಗೆ ಸಮೀಪದ ಮನೆಗಳಲ್ಲಿ ಗೋಡೆಗೆ ಹೊಡೆದ ಹಲಗೆ ಹೆಚ್ಚು ಅನುಕೂಲ.

ಎರಡನೆಯದು ತಂತಿಗಳು. ಹೆಡ್‌ಶೆಲ್ಲಿನಿಂದ ನಾಲ್ಕು ಸಣ್ಣ ತಂತಿಗಳು ಬರುತ್ತವೆ. ಬಿಳಿ ಎಡಗಡೆಯ ಧನ, ನೀಲಿ ಎಡಗಡೆಯ ಋಣ, ಕೆಂಪು ಬಲಗಡೆಯ ಧನ, ಹಸಿರು ಬಲಗಡೆಯ ಋಣ. ಕಾರ್ಟ್ರಿಜ್‌ನ ಹಿಂಬದಿಯ ಕಡ್ಡಿಗಳಿಗೂ ಇವೇ ಗುರುತುಗಳಿರುತ್ತವೆ. ಚಿಮಟದಿಂದ ಮೃದುವಾಗಿ ತಳ್ಳಿ ಕೂರಿಸಬೇಕು. ಬೆಸುಗೆ ಹಾಕಲು ಹೋಗಬಾರದು. ಶಾಖಕ್ಕೆ ಒಳಗಿನ ತಂತಿ ಕಿತ್ತುಬರುತ್ತದೆ. ಬಳಿಕ ಎರಡು ತಿರುಪುಗಳನ್ನು ಕಾರ್ಟ್ರಿಜ್ ಸ್ವಲ್ಪ ಸರಿಯುವಷ್ಟು ಸಡಿಲವಾಗಿಡಬೇಕು. ಈ ಎಲ್ಲ ಕೆಲಸದಲ್ಲಿ ಮುಳ್ಳಿನ ರಕ್ಷಣಾ ಮುಚ್ಚಳ ಹಾಕಿಯೇ ಇರಲಿ.

ಮೂರನೆಯದು ಭಾರ. ಮುಚ್ಚಳ ತೆಗೆದು, ಆಂಟಿಸ್ಕೇಟ್ ಗುಂಡಿಯನ್ನು ಸೊನ್ನೆಗೆ ತಂದು, ಹಿಂದಿನ ತೂಕದ ಗುಂಡನ್ನು ತಿರುಗಿಸುತ್ತ ತೋಳು ತಕ್ಕಡಿಯ ದಂಡದಂತೆ ಸಮವಾಗಿ ತೇಲುವಂತೆ ಮಾಡಬೇಕು. ಆಗ ಗುಂಡನ್ನು ಅಲುಗಿಸದೆ ಅದರ ಮುಂದಿನ ಅಂಕಿಯ ಬಳೆಯನ್ನಷ್ಟೇ ಸೊನ್ನೆಗೆ ತಿರುಗಿಸಿ, ಅನಂತರ ಗುಂಡನ್ನೂ ಬಳೆಯನ್ನೂ ಒಟ್ಟಿಗೆ ತಿರುಗಿಸಿ ತಯಾರಕರು ಹೇಳಿದ ಅಂಕಿಗೆ ತರಬೇಕು. ಗ್ರಾಮಿನ ನೂರನೆಯ ಒಂದು ಭಾಗದವರೆಗೆ ತೋರಿಸುವ ಪುಟ್ಟ ಎಲೆಕ್ಟ್ರಾನಿಕ್ ತಕ್ಕಡಿ ಈಗ ಅಗ್ಗವಾಗಿ ಸಿಗುತ್ತದೆ. ಅದರಿಂದ ಪರೀಕ್ಷಿಸುವುದು ಒಳ್ಳೆಯದು. ಭಾರ ಕಡಿಮೆಯಾದಷ್ಟೂ ತಟ್ಟೆಗೆ ಹಿತ ಎಂಬ ನಂಬಿಕೆ ಸಾಮಾನ್ಯ. ಅದು ತಪ್ಪು. ಭಾರ ಸಾಲದ ಮುಳ್ಳು ಗೀರಿನ ಗೋಡೆ ಬಿಟ್ಟು ನೆಗೆದು, ಮರಳಿ ಬೀಳುವಾಗ ಗೋಡೆಯನ್ನು ಕೆತ್ತುತ್ತದೆ. ಸೂಚಿಸಿದ ಮಿತಿಯ ನಡುವಿನ ಅಥವಾ ತುಸು ಮೇಲಿನ ಭಾರವೇ ಸುರಕ್ಷಿತ.

ನಾಲ್ಕನೆಯದು, ಅತಿ ತಾಳ್ಮೆ ಬೇಡುವುದು, ನೇರ ಜೋಡಣೆ. ಮೂಲ ತಟ್ಟೆಯನ್ನು ಕೊರೆದ ಯಂತ್ರದ ಮುಳ್ಳು ಅಂಚಿನಿಂದ ಕೇಂದ್ರದತ್ತ ನೇರ ಗೆರೆಯಲ್ಲಿ ಸಾಗಿರುತ್ತದೆ. ನಮ್ಮ ತೋಳು ಒಂದು ಕೀಲಿನ ಸುತ್ತ ಕಮಾನಿನಲ್ಲಿ ಸಾಗುತ್ತದೆ. ಹಾಗಾಗಿ ಮುಳ್ಳು ಗೀರಿಗೆ ಕರಾರುವಾಕ್ಕಾಗಿ ನೇರವಾಗುವುದು ಎರಡೇ ಬಿಂದುಗಳಲ್ಲಿ. ಉಳಿದೆಡೆ ಒಂದೆರಡು ಡಿಗ್ರಿ ಓರೆ ಇದ್ದೇ ಇರುತ್ತದೆ. ಹೆಚ್ಚು ಬಳಕೆಯಲ್ಲಿರುವ ಲೆಕ್ಕದಂತೆ ಆ ಬಿಂದುಗಳು ಕೇಂದ್ರದಿಂದ 66.0 ಮತ್ತು 120.9 ಮಿಲಿಮೀಟರ್ ದೂರದಲ್ಲಿರುತ್ತವೆ. ಈ ಎರಡು ಬಿಂದುಗಳನ್ನೂ ಚೌಕುಳಿ ಗೆರೆಗಳನ್ನೂ ತೋರಿಸುವ ಕಾಗದಕ್ಕೆ ಪ್ರೊಟ್ರ್ಯಾಕ್ಟರ್ ಎನ್ನುತ್ತಾರೆ. ಮುದ್ರಿಸಿಕೊಂಡರೆ ಅಳತೆ ಕುಗ್ಗಿಲ್ಲವೆಂಬುದನ್ನು ಮೊದಲು ಅಡಿಪಟ್ಟಿಯಿಂದ ಖಚಿತಪಡಿಸಿಕೊಳ್ಳಬೇಕು. ಮುಳ್ಳನ್ನು ಒಂದು ಬಿಂದುವಿನ ಮೇಲಿಟ್ಟು, ಕ್ಯಾಂಟಿಲಿವರ್ ಗೆರೆಗಳಿಗೆ ಸಮಾನಾಂತರವಾಗುವಂತೆ ಕಾರ್ಟ್ರಿಜ್ಜನ್ನು ಸರಿಸಬೇಕು. ಎರಡನೆಯ ಬಿಂದುವಿನಲ್ಲೂ ಹಾಗೆಯೇ ನೋಡಬೇಕು. ಎರಡೂ ಕಡೆ ಸರಿಯಾಗುವವರೆಗೆ ಹಿಂದೆ ಮುಂದೆ ಸರಿಸುತ್ತ ಹೋಗಬೇಕು. ನಮಗೆ ಮೊದಲ ಸಲ ಇದಕ್ಕೆ ಒಂದು ಇಡೀ ಭಾನುವಾರ ಹಿಡಿಯಿತು. ಈಗ ಅರ್ಧ ಗಂಟೆ ಸಾಕು. ಟೆಕ್ನಿಕ್ಸ್ ಎಸ್‌ಎಲ್-1200ರಂತಹ ಕೆಲವು ಯಂತ್ರಗಳಲ್ಲಿ ತಯಾರಕರೇ ಬೇರೆ ಅಳತೆ ನಿಗದಿಪಡಿಸಿರುತ್ತಾರೆ. ಅಂತಹ ಕಡೆ ಅವರ ಕೈಪಿಡಿಯಂತೆ ನಡೆಯುವುದೂ ಸರಿಯೇ. ಎಲ್ಲ ಸರಿಯಾದ ಮೇಲೆ ತಿರುಪುಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಬೇಕು.

ಐದನೆಯದು ಎತ್ತರ ಮತ್ತು ನೆಟ್ಟಗಿರುವಿಕೆ. ಮುಳ್ಳು ತಟ್ಟೆಯ ಮೇಲಿರುವಾಗ ಪಕ್ಕದಿಂದ ನೋಡಿದರೆ ತೋಳು ತಟ್ಟೆಗೆ ಸಮಾನಾಂತರವಾಗಿರಬೇಕು. ಮುಂದಿನಿಂದ ನೋಡಿದರೆ ಕಾರ್ಟ್ರಿಜ್ ಎಡಕ್ಕೂ ಬಲಕ್ಕೂ ವಾಲದೆ ನೆಟ್ಟಗಿರಬೇಕು. ಒಂದು ತೆಳುವಾದ ಸಣ್ಣ ಕನ್ನಡಿಯ ಮೇಲೆ, ತಟ್ಟೆ ತಿರುಗದಿರುವಾಗ, ಮುಳ್ಳನ್ನು ಮೆಲ್ಲನೆ ಇಟ್ಟರೆ ಅದೂ ಅದರ ಪ್ರತಿಬಿಂಬವೂ ಒಂದೇ ನೇರ ಗೆರೆಯಾಗಿ ಕಾಣಬೇಕು.

ಆರನೆಯದು ಆಂಟಿಸ್ಕೇಟ್. ತಿರುಗುವ ತಟ್ಟೆ ತೋಳನ್ನು ಒಳಮುಖವಾಗಿ ಎಳೆಯುತ್ತದೆ. ಅದನ್ನು ಸರಿದೂಗಿಸಲು ಹೊರಕ್ಕೆ ಎಳೆಯುವ ಸಣ್ಣ ಬಲವೇ ಇದು. ಭಾರದ ಅಂಕಿ ಎಷ್ಟೋ ಅಷ್ಟಕ್ಕೇ ಇಟ್ಟು ಆರಂಭಿಸುವುದು ರೂಢಿ. ಕೊನೆಗೆ ಭಾರವನ್ನು ಇನ್ನೊಮ್ಮೆ ತೂಗಿ ನೋಡಬೇಕು. ಕಾರ್ಟ್ರಿಜ್ ಹಿಂದೆ ಮುಂದೆ ಸರಿದಿದ್ದರೆ ಭಾರವೂ ಬದಲಾಗಿರುತ್ತದೆ. ಟರ್ನ್‌ಟೇಬಲ್‌ಗೆ ಅರ್ಥ್ ತಂತಿ ಇದ್ದರೆ ಅದನ್ನು ಆಂಪ್ಲಿಫೈಯರಿನ ಅರ್ಥ್ ತಿರುಪಿಗೆ ಕಟ್ಟಬೇಕು. ಇಲ್ಲವಾದರೆ ಗುಂಯ್ ಎಂಬ ಶಬ್ದ ಬಿಡದೆ ಕಾಡುತ್ತದೆ.

ಕಿವಿಯ ಪರೀಕ್ಷೆ, ಶ್ರುತಿಯ ಪರೀಕ್ಷೆ

ಎಲ್ಲ ಮುಗಿದ ಮೇಲೆ ಚೆನ್ನಾಗಿ ಪರಿಚಯವಿರುವ, ಆದರೆ ಕಳೆದುಕೊಂಡರೂ ಅಷ್ಟಾಗಿ ದುಃಖವಾಗದ ಒಂದು ತಟ್ಟೆಯನ್ನು ಮೊದಲು ಹಾಕಬೇಕು. ಅಪರೂಪದ ತಟ್ಟೆಯನ್ನು ಪರೀಕ್ಷೆಗೆ ಒಡ್ಡಬಾರದು. ‘ಸ’, ‘ಶ’ ಅಕ್ಷರಗಳು ಉಗುಳಿದಂತೆ ಕೇಳಿಸಿದರೆ ಭಾರ ಕಡಿಮೆಯಿದೆ ಅಥವಾ ಜೋಡಣೆ ಓರೆಯಾಗಿದೆ. ಒಂದೇ ಕಡೆಯ ಧ್ವನಿ ಒರಟಾದರೆ ಆಂಟಿಸ್ಕೇಟನ್ನೂ ಕಾರ್ಟ್ರಿಜ್ ವಾಲಿದೆಯೇ ಎಂಬುದನ್ನೂ ನೋಡಬೇಕು. ಸ್ಟೀರಿಯೋ ತಟ್ಟೆಯಲ್ಲಿ ಗಾಯಕರ ಧ್ವನಿ ನಡುವೆ ನಿಲ್ಲದೆ, ತಬಲಾದ ಡಗ್ಗಾ ಸೊರಗಿದರೆ ಒಂದು ಜೊತೆ ತಂತಿ ಅದಲುಬದಲಾಗಿದೆ ಎಂದರ್ಥ. ಆರಂಭ ಚೆನ್ನಾಗಿದ್ದು ಕೊನೆಯ ಒಂದು ಅಂಗುಲದಲ್ಲಿ ಮಾತ್ರ ಧ್ವನಿ ಹರಿದರೆ ಮತ್ತೆ ಪ್ರೊಟ್ರ್ಯಾಕ್ಟರ್ ಹಿಡಿಯಬೇಕು. ಹಲವು ತಟ್ಟೆಗಳಲ್ಲಿ ಸರಿಯಿದ್ದು ಒಂದರಲ್ಲಿ ಮಾತ್ರ ಹಾಗಾದರೆ, ಆ ತಟ್ಟೆ ಹಿಂದೆಂದೋ ಸವೆದ ಮುಳ್ಳಿಗೆ ಸಿಕ್ಕಿದೆ.

ವೇಗವನ್ನೂ ಅಲಕ್ಷಿಸಬಾರದು. ವೇಗ ನೂರಕ್ಕೆ ಆರರಷ್ಟು ಹೆಚ್ಚಿದರೆ ಷಡ್ಜ ಹೆಚ್ಚುಕಡಿಮೆ ಒಂದು ಅರ್ಧ ಸ್ವರ ಮೇಲೇರುತ್ತದೆ. ಕಪ್ಪು ಒಂದರ ಗಾಯಕರು ಬಿಳಿ ಎರಡಕ್ಕೆ ಏರಿದಂತೆ! ಪರೀಕ್ಷೆಗೆ ಗೆರೆಗಳಿರುವ ಸ್ಟ್ರೋಬ್ ತಟ್ಟೆ ಸಿಗುತ್ತದೆ. ನಮ್ಮ ದೇಶದ 50 ಹರ್ಟ್ಸ್ ವಿದ್ಯುತ್ತಿಗೆ 33⅓ರ ವೇಗದಲ್ಲಿ 180 ಗೆರೆಗಳ ವರ್ತುಲ ನಿಂತಂತೆ ಕಾಣಬೇಕು. ಅಮೆರಿಕದ 60 ಹರ್ಟ್ಸ್‌ಗೆ ಮಾಡಿದ ತಟ್ಟೆ ಇಲ್ಲಿ ನಡೆಯದು. ಅನೇಕ ಎಲ್‌ಇಡಿ ದೀಪಗಳು ವಿದ್ಯುತ್ತಿನ ಲಯಕ್ಕೆ ಮಿಡಿಯುವುದಿಲ್ಲವಾದ್ದರಿಂದ ಹಳೆಯ ಬುರುಡೆ ದೀಪ ಅಥವಾ ನಿಯಾನ್ ದೀಪದ ಬೆಳಕಿನಲ್ಲಿ ನೋಡಬೇಕು. ಬಹಳ ಹಳೆಯ 78ರ ತಟ್ಟೆಗಳು ನಿಜವಾಗಿ 78ರ ವೇಗದಲ್ಲೇ ಮುದ್ರಣವಾಗಿರುತ್ತವೆ ಎಂಬ ಖಾತರಿಯಿಲ್ಲ. ಅಲ್ಲಿ ಹಾರ್ಮೋನಿಯಂ ಹಿಡಿದು ಶ್ರುತಿ ನೋಡುವುದೇ ದಾರಿ.

ಆರೈಕೆ

ಪ್ರತಿ ಸಲ ತಟ್ಟೆಯನ್ನು ಕಾರ್ಬನ್ ಫೈಬರ್ ಕುಂಚದಿಂದ ಒರೆಸಿಯೇ ಮುಳ್ಳು ಇಳಿಸಬೇಕು. ಮುಳ್ಳನ್ನು ಸಣ್ಣ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಮಾತ್ರ ಒರೆಸಬೇಕು; ಬೆರಳು ತಾಗಿಸಬಾರದು. ಕೊಳೆಯಾದ ವಿನೈಲ್ ತಟ್ಟೆಯನ್ನು ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಸೌಮ್ಯ ಸಾಬೂನು ಬೆರೆಸಿ, ನಡುವಿನ ಚೀಟಿ ನೆನೆಯದಂತೆ ತೊಳೆದು, ಶುದ್ಧ ನೀರಿನಿಂದ ಇನ್ನೊಮ್ಮೆ ಒರೆಸಿ ನೆರಳಲ್ಲಿ ಒಣಗಿಸಬಹುದು. ಶೆಲ್ಯಾಕ್ ತಟ್ಟೆಗೆ ಸ್ಪಿರಿಟನ್ನು ಸರ್ವಥಾ ತಾಗಿಸಬಾರದು, ಅದು ಅರಗನ್ನೇ ಕರಗಿಸುತ್ತದೆ. ಅವುಗಳನ್ನು ಕೇಳುವಾಗ ಆಂಪ್ಲಿಫೈಯರಿನಲ್ಲಿ ಮೋನೋ ಗುಂಡಿ ಇದ್ದರೆ ಒತ್ತಿದಲ್ಲಿ ಕರಕರ ಶಬ್ದ ಸಾಕಷ್ಟು ತಗ್ಗುತ್ತದೆ. ಕರಾವಳಿ ನಗರಗಳ ಮಳೆಗಾಲದಲ್ಲಿ ಕಾಗದದ ಹೊದಿಕೆಗೆ ಬೂಷ್ಟು ಬಂದು ಅದು ತಟ್ಟೆಗೂ ಹರಡುತ್ತದೆ. ಒಳ ಹೊದಿಕೆಗಳನ್ನು ಬದಲಾಯಿಸಿ, ತಟ್ಟೆಗಳನ್ನು ಗೋಡೆಗೆ ತಾಗದಂತೆ, ಒಂದರ ಮೇಲೊಂದು ಪೇರಿಸದೆ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು.

ಇಷ್ಟೆಲ್ಲ ಶ್ರಮ ಏತಕ್ಕೆ, ಎಲ್ಲವೂ ಮೊಬೈಲಿನಲ್ಲಿ ಸಿಗುವುದಲ್ಲವೇ ಎಂದು ಮನೆಯ ಕಿರಿಯರು ಕೇಳಬಹುದು. ಎಲ್ಲವೂ ಸಿಗುವುದಿಲ್ಲ. ಮರುಮುದ್ರಣಗೊಳ್ಳದ ತಟ್ಟೆಗಳು ಇನ್ನೂ ಎಷ್ಟೋ ಮನೆಗಳಲ್ಲಿ ಉಳಿದಿವೆ. ಅವುಗಳ ಮಟ್ಟಿಗೆ ಆ ಗೀರೇ ಮೂಲಪ್ರತಿ. ಆದ್ದರಿಂದ ಅಂತಹ ತಟ್ಟೆ ಮನೆಯಲ್ಲಿದ್ದರೆ ಮೊದಲು ಹೊಸ ಮುಳ್ಳು ಹಾಕಿ, ಜೋಡಣೆ ಪರೀಕ್ಷಿಸಿ, ಮೊದಲನೆಯ ಸಲ ಕೇಳುವಾಗಲೇ ಕಂಪ್ಯೂಟರಿನಲ್ಲಿ ಪ್ರತಿ ಮಾಡಿಕೊಳ್ಳುವುದು ಉಚಿತ. ನಮ್ಮ ತೀರ್ಥರೂಪರ ತಟ್ಟೆಯನ್ನು ನಾವು ಈಗಲೂ ಕೇಳುತ್ತೇವೆ, ವಿಲಂಬಿತ ಮುಗಿಯುವವರೆಗೆ. ದ್ರುತ ಆರಂಭವಾಗುವ ಮುನ್ನ ತೋಳನ್ನು ಎತ್ತಿಬಿಡುತ್ತೇವೆ. ಓದುಗರ ಮನೆಯ ತಟ್ಟೆಗಳು ಕೊನೆಯ ಗೀರಿನವರೆಗೂ ಹಾಡಲಿ ಎಂಬುದು ನಮ್ಮ ಹಾರೈಕೆ.